ಹಾಜರಿ ಪುಸ್ತಕದಿಂದ ಶುರುಮಾಡಿ: ಮಾದಕ ವಸ್ತು ಬಳಸುವವರನ್ನು ಸಭೆಗೆ, ಕೆಲಸಕ್ಕೆ, ನೀತಿ ರಚನೆಗೆ ಕರೆಯುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಸಮಾಲೋಚನಾ ಸಭೆಯ ಏರ್ಪಾಡು ನನ್ನ ಪಾಲಿಗೆ ಬಂದಿತ್ತು. ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಎಂಥ ಆರೋಗ್ಯ ಸೇವೆ ಬೇಕು ಎಂಬುದು ವಿಷಯ. ಅವರನ್ನೇ ಕೇಳಬೇಕೆಂಬ ಒಳ್ಳೆಯ ಬುದ್ಧಿ ನಮಗಿತ್ತು. ಆರು ಜನರನ್ನು ಕರೆದೆವು, ಆರು ಜನರೂ ಬಂದರು. ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಹಾಜರಿ ಪುಸ್ತಕ, ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಐದು ಕಲಂ: ಕ್ರಮ ಸಂಖ್ಯೆ, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಸಹಿ. ಪುಟದ ತಲೆಯಲ್ಲಿ ನಾನೇ ದಪ್ಪ ಅಕ್ಷರದಲ್ಲಿ 'ಮಾದಕ ವಸ್ತು ಬಳಕೆದಾರರ ಸಭೆ' ಎಂದು ಬರೆದಿದ್ದೆ. ಮೊದಲು ಬಂದವರು ಪೆನ್ನು ಕೈಗೆತ್ತಿಕೊಂಡರು, ತಲೆಬರಹ ಓದಿದರು, ಪೆನ್ನನ್ನು ಮೆಲ್ಲಗೆ ಪುಸ್ತಕದ ನಡುವೆ ಇಟ್ಟರು. "ಸಾರ್, ಇದು ಸ್ಟೇಷನ್ನಿನಲ್ಲಿ ಬರೆಸಿಕೊಳ್ಳುವ ಹೇಳಿಕೆಯ ಹಾಗಿದೆಯಲ್ಲ" ಎಂದರು. ನಗುತ್ತಲೇ ಅಂದರು. ಅವರ ಹಿಂದಿದ್ದ ಇಬ್ಬರು ಮಾತ್ರ ಒಳಗೆ ಬರಲೇ ಇಲ್ಲ.

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಾನೂನಿನ ಪ್ರಕಾರ ಅಪರಾಧವಾದ ಒಂದು ಕೆಲಸವನ್ನು ಮಾಡುತ್ತೇನೆಂದು ಹೆಸರು, ವಿಳಾಸ, ಫೋನ್ ನಂಬರ್ ಸಮೇತ ಸಹಿ ಹಾಕಿಕೊಡಿ ಎಂದು ನಾನು ಕೇಳಿದ್ದೆ. ಅದೂ ಒಂದು ಕಾಫಿ, ಎರಡು ಬಿಸ್ಕತ್ತಿಗೆ.

ಅಧಿಕಾರಿಗಳು, ವೈದ್ಯರು, ಸಂಸ್ಥೆಯವರು ಇಂಥ ಸಭೆಗೆ ಅಭಿಪ್ರಾಯವನ್ನಷ್ಟೇ ತರುತ್ತಾರೆ. ಬಳಸುವವರು ಅಭಿಪ್ರಾಯದ ಜೊತೆಗೆ ಕೇಸಿನ ಭಯ, ಮನೆಯ ಮಾನ, ಅರ್ಧ ದಿನದ ಕೂಲಿ ಎಲ್ಲವನ್ನೂ ಪಣಕ್ಕಿಟ್ಟು ಬರುತ್ತಾರೆ. ಆ ಭಾರದಲ್ಲಿ ಎಷ್ಟನ್ನು ಕರೆದವರು ತಮ್ಮ ಹೆಗಲಿಗೆ ಎತ್ತಿಕೊಂಡರು ಎಂಬುದರಿಂದ ನಾನು ಇಲ್ಲಿನ ನೈತಿಕತೆಯನ್ನು ಅಳೆಯುತ್ತೇನೆ. ಅದು ಹಾಜರಿ ಪುಸ್ತಕ, ವೋಚರ್, ಸಭೆಯ ಹೊತ್ತು, ಗುಂಪು ಫೋಟೋ ಇಂಥ ಸಣ್ಣ ಸಂಗತಿಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಸ್ವಯಂಸೇವಾ ಸಂಸ್ಥೆ, ಆರೋಗ್ಯ ಇಲಾಖೆ, ಕಾಲೇಜಿನ ಸಮಾಜಕಾರ್ಯ ವಿಭಾಗ, ಸಂಶೋಧನಾ ತಂಡ ಇಂಥ ಕಡೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

'ನಮ್ಮನ್ನೂ ಕೇಳಿ' ಎಂಬ ಬೇಡಿಕೆಯ ಹಿನ್ನೆಲೆ

1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಇದ್ದವರ ಒಂದು ಗುಂಪು ಎದ್ದು ನಿಂತು, ನಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ತೀರ್ಮಾನ ಕೈಗೊಳ್ಳುವ ಪ್ರತಿಯೊಂದು ಹಂತದಲ್ಲೂ ನಾವಿರಬೇಕು ಎಂದು ಸಾರಿತು. 1994ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಲ್ಲಿ 42 ದೇಶಗಳು ಆ ತತ್ವವನ್ನು ಒಪ್ಪಿ ಸಹಿ ಹಾಕಿದವು. ಮಾದಕ ವಸ್ತು ಬಳಸುವವರ ಸಂಘಟನೆಗೆ ಇನ್ನೂ ಹಳೆಯ ಬೇರಿದೆ. ನೆದರ್‌ಲೆಂಡ್ಸ್‌ನಲ್ಲಿ ಹೆರಾಯಿನ್ ಬಳಸುವವರು ಡೆನ್ವರ್‌ಗೂ ಮೊದಲೇ ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದರು. ಹೆಪಟೈಟಿಸ್ ಬಿ ಹರಡುವ ಭಯ ಹುಟ್ಟಿದಾಗ, 1984ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಹಳೆಯ ಸೂಜಿ ಕೊಟ್ಟು ಹೊಸದನ್ನು ಪಡೆಯುವ ವ್ಯವಸ್ಥೆ ಶುರುವಾಗಲು ಒತ್ತಾಸೆಯಾದವರು ಅವರೇ. ಕೆನಡಾದ ವ್ಯಾಂಕೂವರ್‌ನಲ್ಲಿ 1997ರ ಹೊತ್ತಿಗೆ ಬಳಸುವವರ ಸಂಘ ಹುಟ್ಟಿತು. ವೈದ್ಯಕೀಯ ನಿಗಾದಲ್ಲಿ ಚುಚ್ಚಿಕೊಳ್ಳಲು ಅವಕಾಶವಿರುವ 'ಇನ್‌ಸೈಟ್' ಕೇಂದ್ರ ಅಲ್ಲಿ 2003ರಲ್ಲಿ ಬಾಗಿಲು ತೆರೆಯಿತು. ಅದನ್ನು ಮುಚ್ಚಿಸುವ ಪ್ರಯತ್ನ ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2011ರಲ್ಲಿ ಸೋತಿತು.

ನಮ್ಮ ದೇಶದಲ್ಲಿ ಈ ಕಥೆ ಮಣಿಪುರದ್ದು. ಅಲ್ಲಿ 1990ರ ಆಸುಪಾಸಿನಲ್ಲಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಕಾಡ್ಗಿಚ್ಚಿನಂತೆ ಹಬ್ಬಿತು. 1991ರಲ್ಲಿ ಇಂಫಾಲದಲ್ಲಿ, ಒಂದು ಕಾಲಕ್ಕೆ ತಾವೇ ಬಳಸುತ್ತಿದ್ದ ಕೆಲವರು ಸೇರಿ 'ಸಾಸೊ' ಎಂಬ ಸಂಸ್ಥೆ ಕಟ್ಟಿ ಬೀದಿಗಿಳಿದರು. ಇನ್ನು ಕರ್ನಾಟಕದ ಓದುಗರು ಹತ್ತಿರದ ಉದಾಹರಣೆ ಕೇಳಿದರೆ ನಾನು ಮೈಸೂರಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಆಶೋದಯ ಸಮಿತಿಯನ್ನು 2005ರಿಂದ ಲೈಂಗಿಕ ಕಾರ್ಯಕರ್ತರೇ ನಡೆಸುತ್ತಿದ್ದಾರೆ. ವಿಷಯ ಬೇರೆ, ಸಮಾಜ ಮುಖ ತಿರುಗಿಸುವ ಬಗೆ ಒಂದೇ. 'ಅವರಿಗೆ ಇದೆಲ್ಲ ಎಲ್ಲಿ ಸಾಧ್ಯ' ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬಹುದು.

ಹೆಜ್ಜೆ 1: ಕರೆಯುವ ಕಾರಣವನ್ನು ಒಂದು ಹಾಳೆಯಲ್ಲಿ ಬರೆಯಿರಿ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ, ಈ ಸಭೆಯಿಂದ ನಿಜವಾಗಿ ಬದಲಾಗಬಹುದಾದ ಸಂಗತಿಗಳು: ಸಿರಿಂಜ್ ಕೊಡುವ ಸಮಯ, ಕೇಂದ್ರ ಇರುವ ಜಾಗ, ಆಸ್ಪತ್ರೆಯ ಹೊರರೋಗಿ ಚೀಟಿಯ ಮೇಲೆ ಏನು ಬರೆಯಬೇಕು ಎಂಬುದು. ಬಲಕ್ಕೆ, ನಿಮ್ಮ ಕೈಯಲ್ಲಿಲ್ಲದವು: ಕಾಯ್ದೆ, ಬಜೆಟ್ಟು, ಪೊಲೀಸ್ ಇಲಾಖೆಯ ಆದೇಶ. ಎಡಭಾಗ ಖಾಲಿ ಉಳಿದರೆ ಯಾರನ್ನೂ ಕರೆಯಬೇಡಿ. ತೀರ್ಮಾನ ಆಗಲೇ ಆಗಿದ್ದರೆ ಅದನ್ನು ತಿಳಿಸುವುದಕ್ಕೆ ಒಂದು ಭಿತ್ತಿಪತ್ರ ಸಾಕು. ಕಾಟಾಚಾರದ ಸಮಾಲೋಚನೆಗೆ ಜನರನ್ನು ಅಪಾಯಕ್ಕೆ ಒಡ್ಡುವುದು ಬೇಡ. ಹಾಳೆ ತುಂಬಿದ್ದರೆ ಅದನ್ನೇ ಆಹ್ವಾನದ ಜೊತೆ ಕಳಿಸಿ. ಬರುವವರು ಬರುವ ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ಹೆಜ್ಜೆ 2: ಯಾರನ್ನು ಕರೆಯುತ್ತೀರಿ?

ಈ ಹೆಜ್ಜೆಯಲ್ಲಿ ಜಾರದವರು ಕಡಿಮೆ. 'ಬಳಕೆದಾರರ ಪ್ರತಿನಿಧಿ' ಎಂದು ಕರೆಸಿದವರನ್ನು ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಅವರು ಬಳಸುವವರೊಬ್ಬರ ತಂದೆ, ವ್ಯಸನಮುಕ್ತಿ ಕೇಂದ್ರದ ಮಾಲೀಕರು ಅಥವಾ ಹತ್ತು ವರ್ಷದ ಹಿಂದೆ ಬಿಟ್ಟು ಈಗ ಅದೇ ಕೇಂದ್ರದಲ್ಲಿ ಸಂಬಳಕ್ಕಿರುವ ಆಪ್ತಸಮಾಲೋಚಕರು. ಮೂವರ ಮಾತಿಗೂ ಬೆಲೆಯಿದೆ. ಆದರೆ ಈಗ ಬಳಸುತ್ತಿರುವವರ ಪರವಾಗಿ ಅವರು ಮಾತನಾಡಲಾರರು. ಬಿಟ್ಟವರು ಕಂಡದ್ದು ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಕಾಲವಾದರೆ, ಇಂದಿನ ಹುಡುಗರ ಕೈಯಲ್ಲಿರುವುದು ಪುಡಿಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುವ ನೋವಿನ ಮಾತ್ರೆ. ಅದರ ಅಂಟಿನ ಅಂಶ ರಕ್ತನಾಳ ಕಟ್ಟಿಸಿ ಹುಣ್ಣು ಮಾಡುತ್ತದೆ. ಯಾವ ಅಳತೆಯ ಸೂಜಿ ಬೇಕೆಂಬುದೇ ಬದಲಾಗಿದೆ. ಅದನ್ನು ಹೇಳಬಲ್ಲವರು ಇವತ್ತು ಬೆಳಿಗ್ಗೆ ಸೂಜಿ ಹಿಡಿದವರು. ಇನ್ನು ಕೇಂದ್ರದ ಸಂಬಳಕ್ಕಿರುವವರು ಆ ಕೇಂದ್ರದಲ್ಲಿ ಕಟ್ಟಿಹಾಕಿದ್ದನ್ನು, ಹೊಡೆದದ್ದನ್ನು ಹೇಗೆ ಹೇಳಿಯಾರು?

ಬಳಸುವವರೆಲ್ಲ ಒಂದೇ ಜಾತಿಯೂ ಅಲ್ಲ. ದೆಹಲಿಯ ಏಮ್ಸ್‌ನ ತಂಡ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆಯ ಅಂದಾಜಿನಂತೆ ಗಾಂಜಾ, ಭಂಗಿ, ಚರಸ್ ಬಳಸುವವರು ಸುಮಾರು 3.1 ಕೋಟಿ, ಅಫೀಮಿನ ಬಳಗದ ವಸ್ತು ಬಳಸುವವರು ಸುಮಾರು 2.26 ಕೋಟಿ, ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಶನಿವಾರ ರಾತ್ರಿ ಮಹಡಿಯ ಮೇಲೆ ಗಾಂಜಾ ಸೇದುವ ಸಾಫ್ಟ್‌ವೇರ್ ಉದ್ಯೋಗಿ, ಮೇಲ್ಸೇತುವೆಯ ಕೆಳಗೆ ಮಲಗುವವನ ಪರವಾಗಿ ಮಾತನಾಡಲಾರ. ನೀವು ಮಾಡುವ ಕೆಲಸ ಯಾರ ಬದುಕನ್ನು ಮುಟ್ಟುತ್ತದೋ ಅವರನ್ನು ಕರೆಯಿರಿ.

ಒಬ್ಬರನ್ನೇ ಎಂದೂ ಕರೆಯಬೇಡಿ. ಇಪ್ಪತ್ತು ಅಧಿಕಾರಿಗಳ ನಡುವೆ ಒಬ್ಬ ಬಳಕೆದಾರ ಎಲೆಯ ತುದಿಯ ಉಪ್ಪಿನಕಾಯಿಯ ಹಾಗೆ: ಬಡಿಸಿದ್ದೇವೆ ಎಂದು ತೋರಿಸುವುದಕ್ಕೆ. ಕಡೇಪಕ್ಷ ಮೂವರಿರಲಿ. ಒಬ್ಬರಿಗೆ ಮೈ ಸರಿಯಿಲ್ಲದೆ ಎದ್ದುಹೋದರೂ ಇನ್ನಿಬ್ಬರು ಪರಸ್ಪರ ಮುಖ ನೋಡಿಕೊಂಡು ಮಾತನಾಡಬಲ್ಲರು.

ಹೆಂಗಸರು ಸಾಮಾನ್ಯ ಸಭೆಗೆ ಬರುವುದಿಲ್ಲ. 'ಹೆಣ್ಣುಮಕ್ಕಳು ಸಿಗಲಿಲ್ಲ' ಎಂದು ವರದಿಯಲ್ಲಿ ಬರೆದು ಮುಂದೆ ಹೋಗುವುದು ಸುಲಭ. ಬಳಸುತ್ತಾಳೆಂದು ಗೊತ್ತಾದರೆ ಮಗುವನ್ನು ಅತ್ತೆಮನೆಯವರು ಕಿತ್ತುಕೊಳ್ಳುತ್ತಾರೆಂಬ ಭಯ ಅವರಿಗಿರುತ್ತದೆ. ಹಲವರ ವಿಷಯದಲ್ಲಿ ಮೊದಲ ಸೂಜಿ ಚುಚ್ಚಿದ ಗಂಡಸು ಅದೇ ಕೋಣೆಯಲ್ಲಿ ಕುಳಿತಿರುತ್ತಾನೆ. ಹೆಂಗಸರೊಬ್ಬರು ನಡೆಸುವ ಬೇರೆ ಸಭೆ, ಬೇರೆ ದಿನ, ಮಗುವನ್ನು ನೋಡಿಕೊಳ್ಳುವವರೊಬ್ಬರು ಇಷ್ಟು ಏರ್ಪಾಡು ಮಾಡಿ ಆಮೇಲೆ 'ಸಿಗಲಿಲ್ಲ' ಎನ್ನಿ.

ಆಯ್ಕೆ ಅವರದೇ ಆಗಲಿ. ಸಂಘವಿದ್ದರೆ ಸಂಘಕ್ಕೆ ಪತ್ರ ಬರೆದು ನೀವೇ ಆರಿಸಿ ಕಳಿಸಿ ಎನ್ನಿ. ಇಲ್ಲದಿದ್ದರೆ ಬಳಸುವವರ ನಡುವಿನಿಂದಲೇ ಬಂದು ಬೀದಿಯಲ್ಲಿ ಕೆಲಸ ಮಾಡುವ ಪಿಯರ್ ಎಜುಕೇಟರ್‌ಗಳ ಮೂಲಕ ಮಾತು ತಲುಪಿಸಿ. ಎಚ್‌ಐವಿ ತಡೆ ಯೋಜನೆಯ ಲೈನ್ ಲಿಸ್ಟ್ (ಸೇವೆ ಪಡೆಯುವವರ ಹೆಸರಿನ ಪಟ್ಟಿ) ತೆರೆದು ಫೋನ್ ನಂಬರ್ ತೆಗೆಯುವುದು ಮಾತ್ರ ಕೂಡದು. ಆ ಹೆಸರು ಅಲ್ಲಿಗೆ ಬಂದದ್ದು ಸಿರಿಂಜಿಗಾಗಿ, ರಕ್ತಪರೀಕ್ಷೆಗಾಗಿ. ನಿಮ್ಮ ಸಭೆಗಾಗಿ ಅವರು ಅದನ್ನು ಕೊಟ್ಟಿಲ್ಲ.

ಹೆಜ್ಜೆ 3: ಕಾನೂನು ತಿಳಿದುಕೊಂಡು ಬಾಯಿ ಬಿಡಿ

ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾರುವುದು, ಸಾಗಿಸುವುದಷ್ಟೇ ಅಲ್ಲ, ಸೇವಿಸುವುದೂ ಅಪರಾಧ. 27ನೇ ಸೆಕ್ಷನ್ನಿನ ಪ್ರಕಾರ ಹೆರಾಯಿನ್, ಮಾರ್ಫಿನ್, ಕೊಕೇನ್ ಸೇವಿಸಿದ್ದಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗಾಂಜಾದಂಥವಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮಾನ್ಯತೆ ಪಡೆದ ಆಸ್ಪತ್ರೆಗೆ ತಾನಾಗಿ ಚಿಕಿತ್ಸೆಗೆ ಹೋದ ವ್ಯಸನಿಗೆ 64ಎ ಸೆಕ್ಷನ್ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ನಿಮ್ಮ ಸಭೆಗೆ ಬಂದವರಿಗೆ ಇಂಥ ರಕ್ಷಣೆ ಯಾವುದೂ ಇಲ್ಲ. 'ಇಲ್ಲಿ ಏನು ಬೇಕಾದರೂ ಮಾತನಾಡಿ, ಹೊರಗೆ ಹೋಗುವುದಿಲ್ಲ' ಎಂದು ಭರವಸೆ ಕೊಡುವ ಸಂಘಟಕರನ್ನು ನೋಡಿದರೆ ನನಗೆ ದಿಗಿಲಾಗುತ್ತದೆ. ನಾಳೆ ನ್ಯಾಯಾಲಯ ದಾಖಲೆ ಕೇಳಿದರೆ ಕೊಡದೆ ಇರಬಲ್ಲಿರಾ? ಬರೆದಿಡದ ದಾಖಲೆಯನ್ನು ಯಾರೂ ಕೇಳಲಾರರು, ಆದ್ದರಿಂದ ಬರೆಯುವುದನ್ನೇ ಕಡಿಮೆ ಮಾಡಿ. ಜೊತೆಗೆ ಸಭೆಯ ಆರಂಭದಲ್ಲಿ ನೇರವಾಗಿ ಹೇಳಿ: ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ, ನಿನ್ನೆ ಏನು ಮಾಡಿದಿರಿ ಎಂಬುದು ನಮಗೆ ಬೇಡ, ದಯವಿಟ್ಟು ಹೇಳಬೇಡಿ.

ಇನ್ನೊಂದು ಕಾಯ್ದೆ ನಿಮ್ಮ ಪರವಾಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಸೋಂಕಿನ ಅಪಾಯ ತಗ್ಗಿಸುವ ಕೆಲಸವನ್ನು ಅಪರಾಧವೆಂದು ನೋಡಕೂಡದು ಎನ್ನುತ್ತದೆ. ಶುದ್ಧ ಸೂಜಿ ಹಂಚುವುದೂ ಅದರಲ್ಲಿ ಸೇರಿದೆ. ಆ ಸೆಕ್ಷನ್ನಿನ (22) ಕನ್ನಡ ಅನುವಾದದ ಒಂದು ಪ್ರತಿ ನಿಮ್ಮ ಕ್ಷೇತ್ರ ಕಾರ್ಯಕರ್ತರ ಚೀಲದಲ್ಲಿರಲಿ. ಬೀಟ್ ಪೊಲೀಸರು ಚೀಲ ಬಿಚ್ಚಿಸಿ ಐವತ್ತು ಸಿರಿಂಜ್ ನೋಡಿದಾಗ ಬಾಯಿಮಾತು ಅಷ್ಟಾಗಿ ನಡೆಯುವುದಿಲ್ಲ.

ಪೊಲೀಸರನ್ನು ಸಭೆಗೆ ಕರೆಯಬೇಕೆ? ಬಳಸುವವರನ್ನೇ ಮೊದಲು ಕೇಳಿ. ಒಪ್ಪಿದರೆ ಕರೆಯಿರಿ. ಆದರೆ ಸಮವಸ್ತ್ರವಿಲ್ಲದೆ, ಅದೇ ಬಡಾವಣೆಯ ಠಾಣೆಯವರಲ್ಲದವರನ್ನು, ಸಭೆಯ ಎರಡನೆಯ ಅರ್ಧಕ್ಕೆ. ಯಾರಿಗೂ ಹೇಳದೆ ಸಬ್ ಇನ್‌ಸ್ಪೆಕ್ಟರ್‌ ಒಬ್ಬರನ್ನು ಮುಖ್ಯ ಅತಿಥಿಯಾಗಿ ಕೂರಿಸಿದ ಒಂದು ಕಾರ್ಯಕ್ರಮ ನನಗೆ ಗೊತ್ತು. ಅದರ ನಂತರ ಆ ಸಂಸ್ಥೆಯ ಕೇಂದ್ರದತ್ತ ಹಲವು ವಾರ ಯಾರೂ ಸುಳಿಯಲಿಲ್ಲ.

ಹೆಜ್ಜೆ 4: ಹೆಸರು, ಸಹಿ, ಫೋಟೋ

ಮತ್ತೆ ಆ ಹಾಜರಿ ಪುಸ್ತಕಕ್ಕೆ ಬರುತ್ತೇನೆ. ನಾನು ಆಮೇಲೆ ಮಾಡಿಕೊಂಡ ಬದಲಾವಣೆ ಇಷ್ಟು. ಪುಟದ ತಲೆಬರಹ 'ಆರೋಗ್ಯ ಸೇವೆಗಳ ಸಮಾಲೋಚನೆ'. ಅಧಿಕಾರಿಗಳಿಗೂ ಬಳಸುವವರಿಗೂ ಒಂದೇ ಪುಟ, ಬೇರೆ ಬೇರೆ ಪಟ್ಟಿಯಿಲ್ಲ. ಕಲಂ ಎರಡೇ: ಕರೆಯಬೇಕಾದ ಹೆಸರು, ಬಂದ ಹೊತ್ತು. 'ಕರೆಯಬೇಕಾದ ಹೆಸರು' ಎಂದರೆ ರಾಜ ಆಗಬಹುದು, ಬಾಬು ಆಗಬಹುದು, ಆಧಾರ್ ಕಾರ್ಡಿನಲ್ಲಿರುವುದೇ ಆಗಬೇಕಿಲ್ಲ. ಫೋನ್ ನಂಬರ್ ಬೇಕಿದ್ದರೆ ಒಬ್ಬ ಪಿಯರ್ ಬಳಿ ಮಾತ್ರ ಇರುತ್ತದೆ. ಲೆಕ್ಕಪತ್ರದವರು ಸಹಿ ಕೇಳುತ್ತಾರೆ, ಕೇಳಲೇಬೇಕು, ಅದು ಅವರ ಕೆಲಸ. ಹಾಗಾಗಿ ಸಭೆಗೆ ಹದಿನೈದು ದಿನ ಮೊದಲೇ ಅವರ ಜೊತೆ ಕುಳಿತು, ಸಂಕೇತ ಸಂಖ್ಯೆಯಿರುವ ವೋಚರ್ ಮತ್ತು ಹಣ ಕೊಟ್ಟದ್ದಕ್ಕೆ ಇಬ್ಬರು ಸಿಬ್ಬಂದಿಯ ದೃಢೀಕರಣ ಎಂಬ ಪದ್ಧತಿಯನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಸಂಜೆ ಐದಕ್ಕೆ ಬಾಗಿಲಲ್ಲಿ ನಿಂತು ಜಗಳವಾಡಿದರೆ ಗೆಲ್ಲುವವರು ಲೆಕ್ಕಪತ್ರದವರೇ.

ಫೋಟೋ ನಮ್ಮ ಊರಿನ ದೊಡ್ಡ ರೋಗ. ದೀಪ ಹಚ್ಚುವಾಗ ಒಂದು, ಬ್ಯಾನರ್ ಮುಂದೆ ಒಂದು, ಊಟದ ತಟ್ಟೆ ಹಿಡಿದು ಒಂದು, ಎಲ್ಲವೂ ಹತ್ತು ನಿಮಿಷದಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಮುಖ ಮಸುಕುಮಾಡಿದರೆ ಸಾಕೆಂಬುದು ಭ್ರಮೆ. ಮೊಣಕೈಯ ಹಚ್ಚೆ, ಅಂಗಿಯ ಬಣ್ಣ, ಕೂರುವ ಭಂಗಿ ನೋಡಿಯೇ ತಾಯಿ ಗುರುತು ಹಿಡಿಯುತ್ತಾಳೆ, ಬಡಾವಣೆಯ ಕಾನ್‌ಸ್ಟೆಬಲ್ಲೂ ಹಿಡಿಯುತ್ತಾನೆ. ದಾನಿ ಸಂಸ್ಥೆಗೆ ಸಾಕ್ಷಿ ಬೇಕಿದ್ದರೆ ಖಾಲಿ ಕುರ್ಚಿಗಳ, ಗೋಡೆಗೆ ಅಂಟಿಸಿದ ಚಾರ್ಟುಗಳ ಚಿತ್ರ ಕೊಡಿ. ಚಿಕಿತ್ಸೆಯಲ್ಲಿರುವವರ ವಿಷಯದಲ್ಲಂತೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಒಪ್ಪಿಗೆಯಿಲ್ಲದೆ ಅವರ ಚಿತ್ರ, ಮಾಹಿತಿಯನ್ನು ಮಾಧ್ಯಮಗಳಿಗೆ ಕೊಡುವುದನ್ನು ನಿಷೇಧಿಸಿದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ.

ಒಪ್ಪಿಗೆಯನ್ನು ಒಮ್ಮೆ ಪಡೆದು ಕಪಾಟಿನಲ್ಲಿಡಬೇಡಿ. ಸಭೆಯಲ್ಲಿ ಹೇಳಿದ ಮಾತನ್ನು ಪುಸ್ತಿಕೆಯಲ್ಲಿ ಹಾಕುವಾಗ ಮತ್ತೆ ಕೇಳಿ. ಸಂಶೋಧನೆಯಾಗಿದ್ದರೆ ನೈತಿಕ ಸಮಿತಿಯ ಅನುಮತಿ ಹೇಗೂ ಬೇಕು. ಅದರ ಮೊದಲು ಪ್ರಶ್ನಾವಳಿಯನ್ನು ಇಬ್ಬರು ಬಳಸುವವರಿಗೆ ಓದಿ ಹೇಳಿ, ಯಾವ ಪ್ರಶ್ನೆ ಚುಚ್ಚುತ್ತದೆ ಎಂದು ವಿಚಾರಿಸಿ. ಅಮಲಿನಲ್ಲಿದ್ದಾಗ ಅಥವಾ ಅಮಲಿಳಿದು ಮೈ ನಡುಗುವಾಗ ಪಡೆದ ಸಹಿ ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ.

ಹೆಜ್ಜೆ 5: ಹಣ

"ದುಡ್ಡು ಕೊಟ್ಟರೆ ಅದನ್ನೂ ಅದಕ್ಕೇ ಹಾಕುತ್ತಾರೆ." ಈ ಮಾತನ್ನು ಎಲ್ಲ ಕಡೆ ಕೇಳುತ್ತೀರಿ, ಮರುಕದ ದನಿಯಲ್ಲೇ ಹೇಳುತ್ತಾರೆ. ಇದನ್ನು ಹೇಳಿದ ಅಧಿಕಾರಿ ತಮ್ಮ ಸಂಬಳದಲ್ಲಿ ಸಂಜೆ ಏನು ಕೊಳ್ಳುತ್ತಾರೆಂದು ಯಾರೂ ಕೇಳುವುದಿಲ್ಲ. ಕೆಲಸಕ್ಕೆ ಕೂಲಿ ಕೊಟ್ಟಮೇಲೆ ಅದರ ಖರ್ಚಿನ ಲೆಕ್ಕ ಕೇಳುವ ಹಕ್ಕು ಕೊಟ್ಟವರಿಗಿಲ್ಲ. ತಜ್ಞರೊಬ್ಬರಿಗೆ ಗೌರವಧನ, ಬಳಸುವವರಿಗೆ ಊಟದ ಕೂಪನ್, ಸೋಪಿನ ಪೊಟ್ಟಣ ಎಂಬ ಏರ್ಪಾಡು ಅವಮಾನ. ಅದನ್ನು ಅವರು ನಗುತ್ತಾ ತೆಗೆದುಕೊಂಡು ಹೋಗಿ ಹೊರಗೆ ಮಾರುತ್ತಾರೆ, ಅರ್ಧ ಬೆಲೆಗೆ.

ಲೆಕ್ಕ ಹೀಗೆ ಹಾಕಿ: ಅವರ ಒಂದು ದಿನದ ಕೂಲಿ ಎಷ್ಟು? ಚಿಂದಿ ಆಯುವವರಾದರೂ, ಗಾರೆ ಕೆಲಸದವರಾದರೂ ಅದಕ್ಕೊಂದು ಮೊತ್ತವಿದೆ. ಅದು, ಬಸ್ ಅಥವಾ ಆಟೊ ಖರ್ಚು, ಮತ್ತು ಸಭೆಯ ಇತರ ತಜ್ಞರಿಗೆ ಕೊಡುವ ದರದ ಪ್ರಕಾರ ಗೌರವಧನ. ನಗದಾಗಿ, ಅದೇ ದಿನ, ಮುಚ್ಚಿದ ಲಕೋಟೆಯಲ್ಲಿ. ಬ್ಯಾಂಕ್ ಖಾತೆ ಇಲ್ಲದವರಿಗೆ, ಇದ್ದರೂ ಪಾಸ್‌ಬುಕ್ ಹೆಂಡತಿಯ ಬಳಿಯೋ ಅಣ್ಣನ ಬಳಿಯೋ ಇರುವವರಿಗೆ, 'ಮುಂದಿನ ತಿಂಗಳು ಖಾತೆಗೆ ಬರುತ್ತದೆ' ಎಂದರೆ ಬರುವುದಿಲ್ಲ ಎಂದೇ ಅರ್ಥ. ಬಸ್ ಖರ್ಚನ್ನು ಮುಂಚಿತವಾಗಿಯೇ ಕಳಿಸಿ. ಸಂಶೋಧನೆಯಲ್ಲಿ ಮಾತ್ರ ಒಂದು ಎಚ್ಚರ: ಹಣದ ಮೊತ್ತವೇ ಆಮಿಷವಾಗಿ, ಬೇಡವೆನ್ನಬೇಕೆಂದವರೂ ಹೂಂ ಎನ್ನುವಷ್ಟು ಇರಬಾರದು. ಆ ಗೆರೆ ಎಲ್ಲಿದೆ ಎಂಬುದನ್ನೂ ಅವರನ್ನೇ ಕೇಳಿ ತಿಳಿಯಬಹುದು.

ಹೆಜ್ಜೆ 6: ಹೊತ್ತು, ಜಾಗ, ಮೈ

ಬೆಳಿಗ್ಗೆ ಹತ್ತಕ್ಕೆ ಇಟ್ಟ ಸಭೆಯಲ್ಲಿ ಹನ್ನೊಂದರ ಹೊತ್ತಿಗೆ ಒಬ್ಬರು ಮೇಲಿಂದ ಮೇಲೆ ಆಕಳಿಸುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಎಸಿಯಿಲ್ಲದ ಕೋಣೆಯಲ್ಲಿ ತೋಳಿನ ರೋಮ ನೆಟ್ಟಗಾಗಿರುತ್ತದೆ, ಕಾಲು ನಿಲ್ಲುವುದಿಲ್ಲ. ಮುಂದೆ ಕುಳಿತ ವೈದ್ಯಾಧಿಕಾರಿ 'ಆಸಕ್ತಿಯೇ ಇಲ್ಲ' ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ. ಹೆರಾಯಿನ್‌ನಂಥ ವಸ್ತು ಕೊನೆಯ ಸಲ ತೆಗೆದುಕೊಂಡು ಆರರಿಂದ ಹನ್ನೆರಡು ಗಂಟೆ ಕಳೆದರೆ ಮೈ ಕೇಳುವ ಬಗೆ ಅದು. ಆ ಮನುಷ್ಯ ನಿಮ್ಮ ಅಜೆಂಡಾದ ಮೂರನೆಯ ಅಂಶಕ್ಕಾಗಿ ಮೈಮುರಿತವನ್ನು ಕಚ್ಚಿ ಹಿಡಿದು ಕುಳಿತಿದ್ದಾರೆ.

ಓಎಸ್‌ಟಿ ಕೇಂದ್ರದಲ್ಲಿ, ಅಂದರೆ ಹೆರಾಯಿನ್‌ನಂಥವುಗಳಿಗೆ ಬದಲಿ ಔಷಧ ಕೊಡುವ ಕಡೆ, ಬುಪ್ರೆನಾರ್ಫಿನ್ ಎಂಬ ಔಷಧ ಪಡೆಯುವವರು ಸಾಮಾನ್ಯವಾಗಿ ದಿನವೂ ಅಲ್ಲಿಗೆ ಹೋಗಿ, ನರ್ಸ್ ಎದುರಿಗೇ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು, ಪೂರ್ತಿ ಕರಗುವವರೆಗೆ ಕುಳಿತಿರಬೇಕು. ಹಾಗಾಗಿ ಸಭೆಯ ಹೊತ್ತನ್ನು ಆ ಕೇಂದ್ರದ ವೇಳೆ ನೋಡಿ ಇಡಿ. ಸಾಮಾನ್ಯವಾಗಿ ಮಧ್ಯಾಹ್ನ ಊಟದ ನಂತರ, ಎರಡು ಗಂಟೆ ಮೀರದ ಹಾಗೆ. ಬೇರೆ ಊರಿಗೆ ಕರೆಯುವುದಾದರೆ ಆ ದಿನಗಳ ಔಷಧದ ಏರ್ಪಾಡನ್ನು ಎರಡೂ ಕೇಂದ್ರಗಳ ವೈದ್ಯರ ಜೊತೆ ಮೊದಲೇ ಮಾತಾಡಿ ಮುಗಿಸಿ. ಅದಾಗದಿದ್ದರೆ ಟಿಕೆಟ್ ತೆಗೆಸಬೇಡಿ.

ಜಾಗ ಜಿಲ್ಲಾ ಪಂಚಾಯಿತಿ ಸಭಾಂಗಣ ಆಗಬೇಕಿಲ್ಲ. ಪೊಲೀಸ್ ಆಯುಕ್ತರ ಕಚೇರಿಯ ಪಕ್ಕದ ಕಟ್ಟಡ ಅಂತೂ ಬೇಡ. ಬಾಗಿಲಲ್ಲಿ ಚೀಲ ತಪಾಸಣೆ, ಗುರುತಿನ ಚೀಟಿ ಕೇಳುವ ಕಾವಲುಗಾರ ಇರುವ ಹೋಟೆಲೂ ಬೇಡ. ಹಿಂಬಾಗಿಲಿರುವ, ಪಕ್ಕದಲ್ಲೇ ಮಲಗಲು ಒಂದು ಚಾಪೆ ಹಾಸಿದ ಸಣ್ಣ ಕೋಣೆಯಿರುವ ಜಾಗ ಒಳ್ಳೆಯದು.

ಯಾರಾದರೂ ಅಮಲಿನಲ್ಲೇ ಬಂದರೆ? ಮೊದಲೇ ಎಲ್ಲರೂ ಸೇರಿ ಒಪ್ಪಿದ ನಿಯಮವಿರಲಿ: ಸಭಾಂಗಣದಲ್ಲಿ ಬಳಸುವಂತಿಲ್ಲ, ಕೊಡು-ಕೊಳ್ಳುವಂತಿಲ್ಲ, ಮಾತನಾಡಲು ಆಗದಷ್ಟು ಅಮಲಿದ್ದರೆ ಚಾಪೆಯ ಕೋಣೆ. ಬಳಸಿದ್ದಾರೆ ಎಂಬ ಒಂದೇ ಕಾರಣಕ್ಕೆ ಹೊರಗಟ್ಟುವುದಾದರೆ ನೀವು ಕರೆದದ್ದು ಯಾರನ್ನು? ಮಲಗಿದವರ ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕರೆದರೆ ಓಗೊಡದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ, ಉಸಿರು ನಿಂತಂತಿದ್ದರೆ ಬಾಯಿಂದ ಉಸಿರು ಕೊಡಿ. ಓಪಿಯಾಯ್ಡ್ (ಅಫೀಮಿನ ಬಳಗದ ವಸ್ತು) ಹೆಚ್ಚಾದಾಗ ನಲೋಕ್ಸೋನ್ ಎಂಬ ಔಷಧ ಅದರ ಪರಿಣಾಮವನ್ನು ಹಿಮ್ಮೆಟ್ಟಿಸುತ್ತದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ಅದನ್ನು ಕೊಡಬಲ್ಲವರು ಸಭೆಯಲ್ಲಿ ಯಾರಿದ್ದಾರೆ ಎಂಬುದು ಹಿಂದಿನ ದಿನವೇ ಗೊತ್ತಿರಲಿ.

ಹೆಜ್ಜೆ 7: ಮಾತು

'ವ್ಯಸನಿ', 'ಗಾಂಜಾ ಗಿರಾಕಿ', 'ಅಮಲುಕೋರ' ಇವೆಲ್ಲ ಪತ್ರಿಕೆಯ ತಲೆಬರಹಕ್ಕೆ ಇರಲಿ. 'ಮಾದಕ ವಸ್ತು ಬಳಸುವವರು' ಉದ್ದವಾದರೂ ಸರಿ. ಅವರೇ ತಮ್ಮನ್ನು ಬೇರೆ ಹೆಸರಿನಿಂದ ಕರೆದುಕೊಂಡರೆ ತಿದ್ದುವ ಉಸಾಬರಿ ನಿಮಗೆ ಬೇಡ. ಕಾಗದಪತ್ರ ಕನ್ನಡದಲ್ಲಿರಲಿ. ಬೆಂಗಳೂರಿನಲ್ಲಾದರೆ ಉರ್ದು, ತಮಿಳು ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಓದಲು ಬಾರದವರಿಗೆ ಹಿಂದಿನ ದಿನ ಓದಿ ಹೇಳಿ.

ಹೆಜ್ಜೆ 8: ಸಭೆಯ ಒಳಗೆ

ಉದ್ಘಾಟನೆ, ಸ್ವಾಗತ, ಶಾಲು, ಹಾರ ಯಾವುದೂ ಬೇಡ. ಅದರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಬಳಸುವವರ ಸರದಿ ಬರುವಷ್ಟರಲ್ಲಿ ಆಯುಕ್ತರು ಮುಂದಿನ ಕಾರ್ಯಕ್ರಮಕ್ಕೆ ಎದ್ದಿರುತ್ತಾರೆ. ಬಳಸುವವರೇ ಮೊದಲು ಮಾತನಾಡಲಿ. ಅಧಿಕಾರಿಗಳು ಕೇಳಿಸಿಕೊಳ್ಳಲು ಬಂದವರು, ಕೊನೆಗೆ ಮಾತನಾಡಿದರೆ ನಷ್ಟವಿಲ್ಲ.

'ನಿಮ್ಮ ಕಥೆ ಹೇಳಿ' ಎನ್ನಬೇಡಿ. ಮೊದಲ ಸಲ ಯಾವಾಗ, ಅಮ್ಮ ಏನೆಂದರು, ಎಷ್ಟು ಅತ್ತಿರಿ ಎಂದು ಕೆದಕುವುದು ಸಮಾಲೋಚನೆಯಲ್ಲ, ಹರಿಕಥೆ. ಕೇಳಬೇಕಾದದ್ದು ಅವರ ತಜ್ಞತೆಯನ್ನು: ಕೇಂದ್ರಕ್ಕೆ ಬರಲು ಎಷ್ಟು ಹೊತ್ತು ಬೇಕು, ಬೆಳಿಗ್ಗೆ ಏಳಕ್ಕೆ ಸಿರಿಂಜ್ ಎಲ್ಲಿ ಸಿಗುತ್ತದೆ, ಬಳಸಿದ ಸೂಜಿಯನ್ನು ಎಲ್ಲಿ ಹಾಕುತ್ತೀರಿ, ಮೆಡಿಕಲ್ ಶಾಪಿನವರು ಯಾಕೆ ಕೊಡುವುದಿಲ್ಲ? ಇಂಥ ಪ್ರಶ್ನೆಗೆ ಬರುವ ಉತ್ತರಗಳು ಅಧಿಕಾರಿಗಳ ಯೋಜನೆಯನ್ನು ತಲೆಕೆಳಗು ಮಾಡುವುದನ್ನು ಕಂಡಿದ್ದೇನೆ. ಸೂಜಿ ಹಾಕುವ ಪೆಟ್ಟಿಗೆಯನ್ನು ಬೀದಿದೀಪದ ಕೆಳಗೆ ಇಡಲು ಒಂದು ಕಡೆ ತೀರ್ಮಾನವಾಗಿತ್ತು. "ಬೆಳಕಿನಲ್ಲಿ ಯಾರು ಹಾಕುತ್ತಾರೆ ಸಾರ್?" ಎಂದು ಒಬ್ಬರು ಕೇಳಿದರು. ಅಷ್ಟೇ. ಪೆಟ್ಟಿಗೆ ಹತ್ತು ಹೆಜ್ಜೆ ಆಚೆಯ ಗೋಡೆಯ ಹಿಂದಕ್ಕೆ ಹೋಯಿತು.

ಹೆಜ್ಜೆ 9: ಕೆಲಸಕ್ಕೆ ಸೇರಿಸಿಕೊಳ್ಳುವಾಗ

ನಮ್ಮ ದೇಶದ ಎಚ್‌ಐವಿ ತಡೆ ಕಾರ್ಯಕ್ರಮ ನಿಂತಿರುವುದೇ ಪಿಯರ್ ಎಜುಕೇಟರ್‌ಗಳ ಕಾಲಿನ ಮೇಲೆ. ಸಂಬಳ ಎನ್ನದೆ ಗೌರವಧನ ಎನ್ನುತ್ತಾರೆ. ಆ ಒಂದು ಪದದ ಬದಲಿನಿಂದ ಭವಿಷ್ಯನಿಧಿ, ರಜೆ, ಬಡ್ತಿ ಎಲ್ಲ ಕೈತಪ್ಪುತ್ತದೆ. ನಿಮ್ಮ ಸಂಸ್ಥೆಯಲ್ಲಾದರೂ ಪಿಯರ್ ಆಗಿ ಸೇರಿದವರು ಐದು ವರ್ಷದ ನಂತರ ಮೇಲ್ವಿಚಾರಕರಾಗುವ ದಾರಿ ಇದೆಯೇ ನೋಡಿ. ಎಸ್ಸೆಸ್ಸೆಲ್ಸಿ ಇಲ್ಲವೆಂಬುದು ಅಡ್ಡಿಯಾಗಿದ್ದರೆ ಆ ನಿಯಮ ಯಾಕೆ ಬೇಕು ಎಂದು ಕೇಳಿ.

ಕೆಲಸದ ನಿಯಮ ಎಲ್ಲರಿಗೂ ಒಂದೇ ಇರಲಿ: ಕೆಲಸದ ವೇಳೆಯಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಮದ್ಯ ಕುಡಿದು ಬರುವ ಚಾಲಕನಿಗೂ ಅದೇ, ಪಿಯರ್‌ಗೂ ಅದೇ. ಅವರೊಬ್ಬರ ಮೂತ್ರ ಪರೀಕ್ಷೆ ಮಾತ್ರ ಮಾಡಿಸುವ ಪದ್ಧತಿ ಬೇಡ. ಬಿಟ್ಟಿದ್ದೇನೆಂದು ಹೇಳಿ ಸೇರಿದವರು ಮತ್ತೆ ಶುರುಮಾಡಿದರೆ ಮೊದಲ ಪ್ರಶ್ನೆ 'ಏನು ನೆರವು ಬೇಕು' ಎಂಬುದಾಗಲಿ, ಕೆಲಸ ಹೋಗುತ್ತದೆಂಬ ಭಯಕ್ಕೆ ಮುಚ್ಚಿಡುವಂತಾಗದಿರಲಿ. ಹಾಗೆಯೇ ಬಿಟ್ಟು ಕೆಲವೇ ತಿಂಗಳಾದವರನ್ನು ದಿನವೂ ಹಳೆಯ ಅಡ್ಡೆಗೇ ಕ್ಷೇತ್ರ ಕೆಲಸಕ್ಕೆ ಅಟ್ಟುವುದು ಕ್ರೌರ್ಯ. ಕೇಳಿ ನೋಡಿ, ಬೇಡವೆಂದರೆ ಕೇಂದ್ರದೊಳಗಿನ ಕೆಲಸ ಕೊಡಿ. ಗುರುತಿನ ಚೀಟಿಯಲ್ಲಿ 'ಸಮುದಾಯ ಆರೋಗ್ಯ ಕಾರ್ಯಕರ್ತ' ಎಂದಿರಲಿ. ಬಸ್ಸಿನಲ್ಲಿ ಪಕ್ಕದವರು ಓದುತ್ತಾರೆ.

ಒಂದು ಸಂಗತಿಯನ್ನು ಸಂಸ್ಥೆಗಳು ಮಾತಾಡುವುದೇ ಇಲ್ಲ. 108 ಬರುವ ಮೊದಲೇ ಗೆಳೆಯ ಉಸಿರು ನಿಲ್ಲಿಸಿದ್ದನ್ನು ಕಂಡ ಪಿಯರ್ ಮರುದಿನ ಒಂಬತ್ತಕ್ಕೆ ರಿಜಿಸ್ಟರ್ ತುಂಬುತ್ತಾ ಕುಳಿತಿರುತ್ತಾರೆ. ಅವರಿಗೆ ರಜೆ ಬೇಕು, ಮಣ್ಣಿಗೆ ಹೋಗಲು ಬಸ್ ಖರ್ಚು ಬೇಕು, ಸಂಸ್ಥೆಯ ಹೊರಗಿನ ಆಪ್ತಸಮಾಲೋಚಕರೊಬ್ಬರು ಬೇಕು. ಕಷ್ಟದ ಹೊತ್ತಿನಲ್ಲಿ ಯಾವ ಹೊತ್ತಿಗೂ ಕರೆ ಮಾಡಬಹುದಾದ ಟೆಲಿ ಮಾನಸ್ (14416) ಕನ್ನಡದಲ್ಲೂ ಮಾತನಾಡುತ್ತದೆ. ಆ ನಂಬರ್ ಗೋಡೆಯ ಮೇಲಿರಲಿ, ಸಿಬ್ಬಂದಿಗಾಗಿಯೂ.

ಹೆಜ್ಜೆ 10: ಸಭೆ ಮುಗಿದ ಮೇಲೆ

ಮರುದಿನ ಪಿಯರ್ ಮೂಲಕ ಪ್ರತಿಯೊಬ್ಬರನ್ನೂ ವಿಚಾರಿಸಿ: ಮನೆಗೆ ಸರಿಯಾಗಿ ತಲುಪಿದರೇ, ದಾರಿಯಲ್ಲಿ ಯಾರಾದರೂ ತಡೆದರೇ, ಹೇಳಿದ್ದರಲ್ಲಿ ಯಾವುದನ್ನಾದರೂ ತೆಗೆದುಹಾಕಬೇಕೇ? ತೆಗೆಯಬೇಕೆಂದರೆ ಕಾರಣ ಕೇಳದೆ ತೆಗೆಯಿರಿ. ಹದಿನೈದು ದಿನದೊಳಗೆ ಒಂದು ಪುಟದ ವರದಿ ಬರೆದು, ಅಂತಿಮಗೊಳಿಸುವ ಮೊದಲು ಅವರಿಗೆ ಓದಿ ಹೇಳಿ. ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆಯ ಎಡಭಾಗ ನೆನಪಿದೆಯೇ? ಅದರ ಒಂದೊಂದು ಸಾಲಿನ ಮುಂದೆಯೂ ಆಯಿತೋ, ಇಲ್ಲವೋ, ಇಲ್ಲವಾದರೆ ಯಾರು ಯಾಕೆ ಬೇಡವೆಂದರು ಎಂದು ಬರೆಯಿರಿ. 'ಪರಿಶೀಲಿಸಲಾಗುವುದು' ಎಂಬ ಪದ ಅಲ್ಲಿ ಬೇಡ. ಮೂರು ತಿಂಗಳ ನಂತರ ಅದೇ ಹಾಳೆಯನ್ನು ಮತ್ತೊಮ್ಮೆ ತುಂಬಿ, ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ, ದಿನಾಂಕ ಹಾಕಿ, ಜವಾಬ್ದಾರರಾದ ನಿಮ್ಮ ಹೆಸರು ಮತ್ತು ಸಹಿಯೊಂದಿಗೆ, ಬಳಸುವವರ ಯಾರ ಹೆಸರೂ ಇಲ್ಲದೆ, ಬಳಸುವವರು ಬಂದುಹೋಗುವ ಡ್ರಾಪ್-ಇನ್ ಸೆಂಟರಿನ ಗೋಡೆಗೆ ಅಂಟಿಸಿ.